ಪೆಟ್ರುಸ್ ತೋಟದ ಮಣ್ಣಲ್ಲಿ ಅಂಥದ್ದೇನಿದೆ?

ಫ್ರಾನ್ಸಿನ ದುಬಾರಿ ಪೆಟ್ರುಸ್ ವೈನಿನ ಬೆಲೆ ನೋಡಿ, "ಎಲ್ಲಾ ಮಣ್ಣಿನ ಮಹಿಮೆ ಅಂತಾರೆ, ನಿಜವಾ? ಇಲ್ಲಾ ಸುಮ್ನೆ ಮಾರೋಕೆ ಕಟ್ಟಿದ ಕಥೆಯಾ?" ಎಂದು ಕೇಳಿದ್ದೀರಿ. ಬೆಲೆಯಲ್ಲಿ ಹೆಸರಿನ ಪಾಲು ಜಾಸ್ತಿ, ಬಿಡಿ. ಮಣ್ಣಿನ ಮಾತು ಮಾತ್ರ ನಿಜ.

ನಮ್ಮದು ವಿಜಯಪುರದ ಕಡೆ ದ್ರಾಕ್ಷಿ ಪಡ. ಕೆಲಸದ ಮೇಲೆ ಬೋರ್ಡೋಗೆ ಹೋದಾಗ ಒಂದು ಭಾನುವಾರ ರೈಲಿನಲ್ಲಿ ಲಿಬೋರ್ನ್‌ಗೆ ಬಂದು, ಅಲ್ಲಿಂದ ಪೆಟ್ರುಸ್ ತೋಟವಿರುವ ಪೊಮೆರೋಲ್‌ಗೆ ನಡೆದೆ. ಹಿಂದಿನ ರಾತ್ರಿ ಮಳೆಯಾಗಿತ್ತು. ಬಳ್ಳಿ ಸಾಲುಗಳು ರಸ್ತೆಯ ಅಂಚಿಗೇ ಇವೆ. ಪಕ್ಕದಲ್ಲಿ ನಾಲ್ಕು ಹೆಜ್ಜೆ ಇಟ್ಟೆ, ಬೂಟಿಗೆ ಸೇರುಗಟ್ಟಲೆ ಮಣ್ಣು ಮೆತ್ತಿಕೊಂಡಿತು. ಕಡ್ಡಿಯಿಂದ ಕೆರೆದರೂ ಬಿಡಲಿಲ್ಲ. ಅರೆ, ಇದು ನಮ್ಮ ಎರೆಮಣ್ಣಲ್ವಾ!

ಅನ್ನಿಸಿದ್ದು ಪೂರ್ತಿ ತಪ್ಪಲ್ಲ. ಎರಡರಲ್ಲೂ ಇರುವುದು ಸ್ಮೆಕ್ಟೈಟ್ ಜಾತಿಯ ಜೇಡಿ. ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಬಿರಿಯುತ್ತದೆ. ಹುಟ್ಟು ಮಾತ್ರ ಬೇರೆ. ನಮ್ಮದು ಬಸಾಲ್ಟ್ ಕಲ್ಲು ಸವೆದು ಆದದ್ದು, ಅವರದು ಸುಮಾರು 4 ಕೋಟಿ ವರ್ಷ ಹಳೆಯ ನೀಲಿ ಜೇಡಿ. ಪೊಮೆರೋಲ್ ದಿಬ್ಬದ ಎತ್ತರ 40 ಮೀಟರ್ ಅಷ್ಟೇ. ಸುತ್ತಲೂ ಗರಸು, ನಡುವೆ ಸುಮಾರು 20 ಹೆಕ್ಟೇರ್‌ನಷ್ಟು ಈ ಜೇಡಿ ಮೇಲೆದ್ದು ಬಂದಿದೆ. ಪೆಟ್ರುಸ್‌ನ 11.5 ಹೆಕ್ಟೇರ್, ಅಂದರೆ ನಮ್ಮ ಲೆಕ್ಕದ 28 ಎಕರೆ, ಹೆಚ್ಚುಕಡಿಮೆ ಇದರ ಮೇಲೇ ಕೂತಿದೆ. ಎದುರಿನ ಲಾಫ್ಲರ್ ತೋಟಕ್ಕೆ ಹೋದರೆ ಆಗಲೇ ಗರಸು ಸಿಗುತ್ತದೆ.

ಜೋರು ಮಳೆ ಬಂದರೆ ಜೇಡಿ ಉಬ್ಬಿ ಸಂದೆಲ್ಲ ಮುಚ್ಚಿಕೊಳ್ಳುತ್ತದೆ, ಹೆಚ್ಚಿನ ನೀರು ಮೇಲಿಂದಲೇ ಹರಿದುಹೋಗುತ್ತದೆ. ಬೇಸಿಗೆಯಲ್ಲಿ ಹಿಡಿದಿಟ್ಟ ನೀರನ್ನು ಜಿಪುಣನ ಹಾಗೆ ಚೂರುಚೂರೇ ಬಿಡುತ್ತದೆ. ಬಳ್ಳಿ ಸೊಕ್ಕುವುದೂ ಇಲ್ಲ, ಸೊರಗುವುದೂ ಇಲ್ಲ. ಆದರೆ ಈ ಮಣ್ಣು ತಣ್ಣಗಿರುತ್ತದೆ. ತಡವಾಗಿ ಹಣ್ಣಾಗುವ ದ್ರಾಕ್ಷಿ ತಳಿ ಕ್ಯಾಬರ್ನೆ ಸೋವಿನ್ಯೋನ್‌ಗೆ ಬೆಚ್ಚಗಿನ ಗರಸೇ ಬೇಕು. ಬೇಗ ಹಣ್ಣಾಗುವ ಮೆರ್ಲೋ ಇಲ್ಲಿ ಒಗ್ಗುತ್ತದೆ. ಈಗ ತೋಟದ ತುಂಬಾ ಅದೇ.

ಹಾಗಂತ ಮಣ್ಣೇ ಎಲ್ಲಾ ನೋಡಿಕೊಳ್ಳುತ್ತದೆ ಅಂದುಕೊಳ್ಳಬೇಡಿ. 1992ರಲ್ಲಿ ಕೊಯ್ಲಿಗೆ ಮುಂಚೆ ಮಳೆನೀರು ಇಳಿಯದಿರಲಿ ಅಂತ ನೆಲಕ್ಕೆ ಪ್ಲಾಸ್ಟಿಕ್ ಹಾಸಿದ್ದರು.

ಇದನ್ನೆಲ್ಲ ಅಪ್ಪನಿಗೆ ಫೋನಿನಲ್ಲಿ ಹೇಳಿದೆ. ಅವರು ಕೇಳಿದ್ದು ಒಂದೇ: "ಎರಿಯಾಗ ಹಚ್ಯಾರಂತೀ, ಬ್ಯಾಸಗಿಗೆ ಟ್ಯಾಂಕರ್ ಎಷ್ಟ್ ತರಸ್ತಾರಂತ?" ಒಂದೂ ಇಲ್ಲ ಅಂದೆ. ಅವರು ನಂಬಲಿಲ್ಲ.