ಎರಡು ಸ್ಟೇಷನ್ ನಡುವಿನ ದಾರಿ ಯಾರದ್ದು?

ಬೆಂಗಳೂರಲ್ಲಿ ಮೆಟ್ರೊ ಇಳಿದು ರೈಲು ಹತ್ತುವ ಜಾಗಗಳ ಬಗ್ಗೆ ನಿಮ್ಮ ಪ್ರಶ್ನೆ ಕಳಿಸಿ ಅಂತ ಕೇಳಿದ್ದೆವು. ತುಂಬಾ ಪತ್ರ ಬಂದಿವೆ, ಕೆಲವು ಕೋಪದಲ್ಲಿ ಬರೆದಂಥವು. ಜಾಸ್ತಿ ಜನ ಕೇಳಿರುವುದು ಕಂಟೋನ್ಮೆಂಟ್ ಬಗ್ಗೆ. ಅಲ್ಲಿಂದಲೇ ಶುರು ಮಾಡೋಣ.

ಪ್ರಶ್ನೆ: ಪಿಂಕ್ ಲೈನ್ ನಕ್ಷೆಯಲ್ಲಿ ಕಂಟೋನ್ಮೆಂಟ್ ಅಂತ ನಿಲ್ದಾಣ ನೋಡಿ ಖುಷಿಯಾಗಿತ್ತು. ಇನ್ನು ಮೇಲೆ ಚೆನ್ನೈ ರೈಲಿಗೆ ಆಟೊ ಹಿಡಿಯೋದು ಬೇಡ ಅಂದುಕೊಂಡೆ. ಈಗ ನೋಡಿದರೆ ಅದು ರೈಲ್ವೆ ಸ್ಟೇಷನ್ ಪಕ್ಕದಲ್ಲೇ ಇಲ್ಲವಂತೆ. ನಿಜವಾ? ಹೀಗೆ ಯಾಕಾಯಿತು?
— ಓದುಗರು, ಹುಳಿಮಾವು

ನಿಜ. ಆ ನಿಲ್ದಾಣ ಇರುವುದು ಬಂಬೂ ಬಜಾರ್ ಮೈದಾನದ ಕೆಳಗೆ. ಅಲ್ಲಿಂದ ರೈಲ್ವೆ ಸ್ಟೇಷನ್ ಸುಮಾರು ಒಂದು ಕಿಲೋಮೀಟರ್. ಬರಿಗೈಲಿ ಇದ್ದರೆ ನಡೆಯಬಹುದು. ಎರಡು ಸೂಟ್‌ಕೇಸು, ಒಂದು ಮಗು, ಜೊತೆಗೆ ಮಳೆ ಅಂದರೆ ಆಗದ ಮಾತು. ನೀವು ಆಟೊ ಹಿಡಿಯುತ್ತೀರಿ. ಆಟೊ ಹಿಡಿಯಲೇಬೇಕು ಅಂದಮೇಲೆ ಹುಳಿಮಾವಿನಿಂದಲೇ ಹಿಡಿದರಾಯಿತು ಅಂತ ಮುಂದಿನ ಸಲ ಮೆಟ್ರೊ ಕಡೆ ತಲೆನೇ ಹಾಕುವುದಿಲ್ಲ, ಅಲ್ವಾ? ನಷ್ಟ ಆಗುವುದು ಇಲ್ಲೇ.

ಕಾಳೇನ ಅಗ್ರಹಾರದಿಂದ ನಾಗವಾರಕ್ಕೆ ಹೋಗುವ ಈ ಮಾರ್ಗ 21 ಕಿಲೋಮೀಟರ್ ಚಿಲ್ಲರೆ ಉದ್ದ. ಅದರಲ್ಲಿ ಸುಮಾರು 14 ಕಿಲೋಮೀಟರ್ ನೆಲದ ಕೆಳಗೆ, ನಿಲ್ದಾಣಗಳಲ್ಲಿ 12 ನೆಲದ ಕೆಳಗೇ. 2014ರಲ್ಲಿ ಕೇಂದ್ರ ಒಪ್ಪಿಗೆ ಕೊಟ್ಟ ಯೋಜನೆಯಲ್ಲಿ ಮೆಟ್ರೊ ನಿಲ್ದಾಣ ಕಂಟೋನ್ಮೆಂಟ್ ರೈಲ್ವೆ ಸ್ಟೇಷನ್ ಎದುರಿಗೇ ಇತ್ತು. ಇಲ್ಲಿ ಇಳಿ, ಅಲ್ಲಿ ಹತ್ತು, ಅಷ್ಟೇ. ಆಮೇಲೆ ಮೆಟ್ರೊ ನಿಗಮ ಅದನ್ನು ಬಂಬೂ ಬಜಾರ್‌ಗೆ ಸರಿಸಲು ತೀರ್ಮಾನ ಮಾಡಿತು. ಆಗ ನಗರದ ಸಾರಿಗೆ ಬಗ್ಗೆ ಕೆಲಸ ಮಾಡುವ ಪ್ರಜಾ ರಾಗ್‌ನಂಥ ನಾಗರಿಕ ಗುಂಪುಗಳು ಬೀದಿಗಿಳಿದವು. ಸಂಸದ ಪಿ.ಸಿ. ಮೋಹನ್ ಕೂಡ ವಿರೋಧಿಸಿದರು. ಪತ್ರ, ಸಭೆ, ಪ್ರತಿಭಟನೆ ಎಲ್ಲಾ ನಡೆಯಿತು.

ನಿಗಮದ ವಾದವನ್ನೂ ಹೇಳಿಬಿಡುತ್ತೇನೆ, ಅದರಲ್ಲೂ ಹುರುಳಿದೆ. ನೆಲದಡಿಯ ನಿಲ್ದಾಣ ಅಂದರೆ ಇನ್ನೂರು ಮೀಟರ್ ಆಸುಪಾಸಿನ ಒಂದು ದೊಡ್ಡ ಪೆಟ್ಟಿಗೆ. ಸಾಮಾನ್ಯವಾಗಿ ಅದನ್ನು ಮೇಲಿನಿಂದಲೇ ಅಗೆದು ಕಟ್ಟುತ್ತಾರೆ. ಹಾಗಾಗಿ ಅಷ್ಟು ಉದ್ದದ ಖಾಲಿ ಜಾಗ ಬೇಕು. ಕ್ರೇನು, ಮಣ್ಣಿನ ಲಾರಿ, ಕಬ್ಬಿಣಕ್ಕೆ ಅಂತ ಪಕ್ಕದಲ್ಲಿ ಇನ್ನಷ್ಟು ಜಾಗ. ಪ್ಲಾಟ್‌ಫಾರಂ ಇರುವ ಕಡೆ ಹಳಿ ತಿರುವಿಲ್ಲದೆ, ಏರಿಳಿತ ಇಲ್ಲದೆ ನೇರವಾಗಿ ಇರಬೇಕು. ನಿಲ್ದಾಣವನ್ನು ಒಂದು ಕಡೆ ಎಳೆದರೆ ಆಚೆಗೂ ಈಚೆಗೂ ಸುರಂಗದ ದಾರಿ ಬಗ್ಗುತ್ತದೆ. ರೈಲ್ವೆ ಜಾಗದಲ್ಲಿ ಅಗೆಯಲು ರೈಲ್ವೆ ಒಪ್ಪಿಗೆ ಬೇಕು, ಅದಕ್ಕೆ ಕಾಯಬೇಕು. ಬಂಬೂ ಬಜಾರ್‌ನಲ್ಲಿ ಮೈದಾನ ಖಾಲಿ ಇತ್ತು, ದಾರಿಯೂ ನೇರವಾಯಿತು. ಕಟ್ಟುವವರ ಕಣ್ಣಲ್ಲಿ ನೋಡಿದರೆ ಅದೇ ಸಲೀಸು.

ಆದರೆ ಕಟ್ಟುವ ಕೆಲಸ ಕೆಲವೇ ವರ್ಷದ್ದು. ಓಡಾಡುವವರು ನೂರು ವರ್ಷ ಓಡಾಡುತ್ತಾರೆ. 1864ರಲ್ಲಿ ಜೋಲಾರಪೇಟೆಯಿಂದ ಬೆಂಗಳೂರಿಗೆ ಮೊದಲ ರೈಲು ಬಂದದ್ದೇ ಈ ಕಂಟೋನ್ಮೆಂಟ್‌ಗೆ. ಇವತ್ತಿಗೂ ಅಲ್ಲಿ ದಿನವಿಡೀ ರೈಲು ನಿಲ್ಲುತ್ತವೆ. ಮುಂದೆ ಕೆಂಗೇರಿಯಿಂದ ವೈಟ್‌ಫೀಲ್ಡ್‌ಗೆ ಬರಬೇಕಿರುವ ಪಾರಿಜಾತ ಉಪನಗರ ರೈಲು ಹಾದುಹೋಗುವುದೂ ಅಲ್ಲೇ. ಇಂಥ ಜಾಗವನ್ನು ತಪ್ಪಿಸಿ ಒಂದು ಕಿಲೋಮೀಟರ್ ಆಚೆ ನಿಲ್ದಾಣ ಕಟ್ಟಿದ್ದು ತಪ್ಪು. ನನಗೆ ಇದರಲ್ಲಿ ಅನುಮಾನವೇ ಇಲ್ಲ.

ಈ ಜಗಳ ಮುಗಿದದ್ದು ತೀರ್ಮಾನದಿಂದ ಅಲ್ಲ, ಯಂತ್ರದಿಂದ. ಬಂಬೂ ಬಜಾರ್‌ನಲ್ಲಿ ಗುಂಡಿ ತೋಡಿ, 2020ರಲ್ಲಿ ಊರ್ಜಾ ಅನ್ನುವ ಸುರಂಗ ಕೊರೆಯುವ ಯಂತ್ರವನ್ನು ಇಳಿಸಿದರು. 2021ರ ಸೆಪ್ಟೆಂಬರ್‌ನಲ್ಲಿ ಅದು ಶಿವಾಜಿನಗರದಲ್ಲಿ ಹೊರಬಂತು. ಒಂದು ಸಲ ಯಂತ್ರ ಮಣ್ಣಿಗೆ ಇಳಿದ ಮೇಲೆ ನಿಲ್ದಾಣ ಎಲ್ಲಿರಬೇಕು ಅಂತ ಯಾರು ಚರ್ಚೆ ಮಾಡುತ್ತಾರೆ?

ಪ್ರಶ್ನೆ: ನಮ್ಮ ಹುಡುಗರು ಆಡುತ್ತಿದ್ದ ಮೈದಾನ ಅದು. ರೈಲು ಬದಲಿಸುವವರ ಕಷ್ಟದ ಬಗ್ಗೆ ಎಲ್ಲರೂ ಬರೆಯುತ್ತಾರೆ, ಮೈದಾನದ ಬಗ್ಗೆ ಯಾರೂ ಬರೆಯುವುದಿಲ್ಲ.
— ಓದುಗರು, ಬೆನ್ಸನ್ ಟೌನ್

ನಿಮ್ಮ ಮಾತು ನ್ಯಾಯವಾದದ್ದು. ಖಾಲಿ ಜಾಗ ಅಂತ ಕಡತದಲ್ಲಿ ಬರೆಯುತ್ತಾರಲ್ಲ, ಅದು ಯಾರಿಗೋ ಖಾಲಿ ಅಲ್ಲ. ಆ ಸುತ್ತಿನ ಒತ್ತೊತ್ತಾದ ಬೀದಿಗಳಲ್ಲಿ ಮಕ್ಕಳಿಗೆ ಓಡಾಡಲು ಬೇರೆ ಬಯಲು ಎಲ್ಲಿದೆ? ಪೆಟ್ಟಿಗೆ ಕಟ್ಟಿ ಮುಗಿದ ಮೇಲೆ ಮೇಲೆ ಮಣ್ಣು ತುಂಬುತ್ತಾರೆ. ಮೆಟ್ಟಿಲ ಬಾಯಿ, ಗಾಳಿ ಗೂಡು, ಲಿಫ್ಟ್ ಬಿಟ್ಟು ಉಳಿದ ನೆಲವನ್ನು ಮೈದಾನವಾಗಿಯೇ ವಾಪಸ್ ಕೊಡಬಹುದು. ಎಷ್ಟು ನೆಲ, ಯಾವಾಗ ಅಂತ ನಿಗಮದಿಂದ ಬರಹದಲ್ಲಿ ಕೇಳಿ. ಪಾರ್ಕಿಂಗ್ ಬಂದು ಕೂತರೆ ಆಮೇಲೆ ಎಬ್ಬಿಸುವುದು ಕಷ್ಟ.

ಪ್ರಶ್ನೆ: ಮುರ್ಡೇಶ್ವರ ರೈಲಿನಲ್ಲಿ ಬೆಳಿಗ್ಗೆ ಬೈಯಪ್ಪನಹಳ್ಳಿ ಟರ್ಮಿನಲ್‌ಗೆ ಬಂದಿಳಿದೆ. ಬೈಯಪ್ಪನಹಳ್ಳಿ ಮೆಟ್ರೊ ಪಕ್ಕದಲ್ಲೇ ಇರುತ್ತೆ ಅಂದುಕೊಂಡಿದ್ದೆ. ಕೇಳಿದವರೆಲ್ಲ ನಕ್ಕರು. ಹೀಗೆ ಯಾಕೆ ಕಟ್ಟಿದರು?
— ಓದುಗರು, ಕುಮಟಾ

ಮೆಟ್ರೊ ಮೊದಲು ಬಂತು, ಟರ್ಮಿನಲ್ ಆಮೇಲೆ. ಎಂ.ಜಿ. ರಸ್ತೆಯಿಂದ ಬೈಯಪ್ಪನಹಳ್ಳಿಗೆ ಮೊದಲ ಮೆಟ್ರೊ ಓಡಿದ್ದು 2011ರ ಅಕ್ಟೋಬರ್‌ನಲ್ಲಿ. ನೀವು ಇಳಿದ ಟರ್ಮಿನಲ್‌ನಿಂದ, ಅಂದರೆ ಸರ್ ಎಂ. ವಿಶ್ವೇಶ್ವರಯ್ಯ ಟರ್ಮಿನಲ್‌ನಿಂದ, ರೈಲು ಹೊರಟದ್ದು 2022ರ ಜೂನ್‌ನಲ್ಲಿ. ಮುನ್ನೂರು ಕೋಟಿಗೂ ಜಾಸ್ತಿ ಖರ್ಚು ಮಾಡಿ, ಇಡೀ ಕಟ್ಟಡಕ್ಕೆ ಎಸಿ ಹಾಕಿ, ಚೆಂದಾಗೇ ಕಟ್ಟಿದ್ದಾರೆ. ಹತ್ತು ವರ್ಷದ ಅಂತರ ಸಿಕ್ಕಿತ್ತು, ಇವೆರಡನ್ನೂ ಜೋಡಿಸಲು ಯಾರೂ ಆ ಸಮಯ ಬಳಸಿಕೊಳ್ಳಲಿಲ್ಲ. ಟರ್ಮಿನಲ್‌ನಿಂದ ಮೆಟ್ರೊಗೆ ಲಗೇಜು ಹೊತ್ತು ನಡೆದು ಹೋಗುವ ಮಾತೇ ಇಲ್ಲ. ದೂರದ ಊರಿಂದ ರಾತ್ರಿಯೆಲ್ಲ ಪ್ರಯಾಣ ಮಾಡಿ ಬಂದವರು ಬೆಳಗಿನ ಜಾವ ಆಟೊದವರ ಜೊತೆ ಚೌಕಾಸಿಗೆ ನಿಲ್ಲಬೇಕು. ಕರಾವಳಿಯವರು, ಹೊರರಾಜ್ಯದವರು ಈ ಕಷ್ಟ ದಿನಾ ಅನುಭವಿಸುತ್ತಿದ್ದಾರೆ. ಅವರು ಬೆಂಗಳೂರಿನ ಮತದಾರರಲ್ಲ, ಅದಕ್ಕೇ ಇರಬೇಕು ಈ ಕೂಗು ಯಾರಿಗೂ ಕೇಳಿಸುತ್ತಿಲ್ಲ. ಸದ್ಯಕ್ಕೆ ಬಿಎಂಟಿಸಿ ಬಸ್ಸು ಹಿಡಿಯಿರಿ, ಅದೇ ಕಡಿಮೆ ಖರ್ಚಿನ ದಾರಿ.

ಪ್ರಶ್ನೆ: ನಾನು ಸಿವಿಲ್ ಎಂಜಿನಿಯರಿಂಗ್ ಓದುತ್ತಿದ್ದೇನೆ. ಎರಡು ಸಂಸ್ಥೆ ಕೂತು ಒಂದು ಜಾಗ ಗೊತ್ತು ಮಾಡಲು ಇಷ್ಟು ವರ್ಷ ಯಾಕೆ ಬೇಕು? ತಾಂತ್ರಿಕವಾಗಿ ಅಷ್ಟೊಂದು ಕಷ್ಟವಾ?
— ವಿದ್ಯಾರ್ಥಿನಿ, ದಾವಣಗೆರೆ

ತಾಂತ್ರಿಕವಾಗಿ ಕಷ್ಟ ಇದೆ, ಆದರೆ ತಡ ಆಗುವುದು ಅದರಿಂದ ಅಲ್ಲ. ಮೆಜೆಸ್ಟಿಕ್ ನೋಡಿ. ನೇರಳೆ, ಹಸಿರು ಎರಡೂ ಮಾರ್ಗ ಒಂದರ ಮೇಲೊಂದು, ಆಳದಲ್ಲಿ, ಊರಿನ ಅತಿ ಗಿಜಿಗಿಜಿ ಜಾಗದಲ್ಲಿ. ಆದರೂ ಆಯಿತು. ಜಯದೇವದಲ್ಲಿ ಎರಡು ಮಾರ್ಗ ಸೇರಿಸಲು ಇದ್ದ ಮೇಲ್ಸೇತುವೆಯನ್ನೇ 2020ರಲ್ಲಿ ಒಡೆದು ಹಾಕಿದರು. ಎಂ.ಜಿ. ರಸ್ತೆಯಲ್ಲಿ ಪಿಂಕ್ ಲೈನ್ ಜೋಡಿಸಲು ಕಾಮರಾಜ ರಸ್ತೆಯನ್ನು 2019ರಿಂದ ವರ್ಷಗಟ್ಟಲೆ ಮುಚ್ಚಿದರು. ಇವೆಲ್ಲ ಕಷ್ಟದ ಕೆಲಸಗಳೇ. ಆದರೆ ಎರಡೂ ಕಡೆ ಒಬ್ಬನೇ ಯಜಮಾನ, ಹಾಗಾಗಿ ಆದವು. ಯಜಮಾನರು ಇಬ್ಬರಾದ ಕಡೆಯೆಲ್ಲ ಕೆಲಸ ನಿಂತಿದೆ. ಮೆಟ್ರೊದವರ ನಕ್ಷೆ ಅವರ ಗೋಡೆಗೆ ಮುಗಿಯುತ್ತದೆ, ರೈಲ್ವೆಯವರದ್ದು ಅವರ ಕಾಂಪೌಂಡಿಗೆ. ನಡುವಿನ ಮುನ್ನೂರು ಮೀಟರ್ ಯಾವ ಟೆಂಡರಿನಲ್ಲೂ ಇರುವುದಿಲ್ಲ. ಅದಕ್ಕೆ ದುಡ್ಡು ಯಾರು ಹಾಕಬೇಕು, ರಾತ್ರಿ ದೀಪ ಯಾರು ಉರಿಸಬೇಕು, ಎಸ್ಕಲೇಟರ್ ಕೆಟ್ಟರೆ ಯಾರು ರಿಪೇರಿ ಮಾಡಿಸಬೇಕು, ಟಿಕೆಟ್ ಇಲ್ಲದವರು ಆ ದಾರಿಯಲ್ಲಿ ಬಂದರೆ ಯಾರು ತಡೆಯಬೇಕು? ಕಡತ ಅಲ್ಲೇ ಸುತ್ತುತ್ತದೆ.

ನನಗೆ ತುಂಬಾ ಬೇಸರ ತರುವ ವಿಷಯ ಇನ್ನೊಂದಿದೆ. ಮೆಟ್ರೊ ನಿಗಮದಲ್ಲಿ ರಾಜ್ಯ ಮತ್ತು ಕೇಂದ್ರದ್ದು ಸಮಪಾಲು. ಉಪನಗರ ರೈಲು ಕಟ್ಟುತ್ತಿರುವ ಕೆ-ರೈಡ್‌ನಲ್ಲೂ ಪಾಲುದಾರರು ರಾಜ್ಯ ಸರ್ಕಾರ ಮತ್ತು ರೈಲ್ವೆ ಸಚಿವಾಲಯ. ಅಂದರೆ ಎರಡಕ್ಕೂ ದುಡ್ಡು ನಮ್ಮದೇ ತೆರಿಗೆಯದು, ಮಾಲೀಕರೂ ಹೆಚ್ಚುಕಮ್ಮಿ ಅವರೇ. ಒಂದೇ ಮನೆಯ ಅಣ್ಣತಮ್ಮಂದಿರು ಬೇಲಿಗೆ ಜಗಳ ಆಡಿದ ಹಾಗೆ ಇದು.

ಇದು ಬೆಂಗಳೂರಿನದ್ದೇ ಕಾಯಿಲೆ ಅಂದುಕೊಳ್ಳಬೇಡಿ. ಚೆನ್ನೈನಲ್ಲಿ ವೇಳಚೇರಿಯಿಂದ ಸೇಂಟ್ ಥಾಮಸ್ ಮೌಂಟ್‌ಗೆ ಐದೇ ಕಿಲೋಮೀಟರ್ ಎತ್ತರದ ರೈಲು ಮಾರ್ಗ, 2008ರಲ್ಲಿ ಕೆಲಸ ಶುರು. ಮೌಂಟ್‌ನಲ್ಲಿ ಉಪನಗರ ರೈಲು, ಮೆಟ್ರೊ, ಈ ಮಾರ್ಗ ಮೂರೂ ಸೇರುವ ಯೋಜನೆ. ಕೊನೆಯ 500 ಮೀಟರ್ ಜಾಗದ ಪರಿಹಾರದ ಜಗಳ ಕೋರ್ಟಿಗೆ ಹೋಯಿತು. ಉಳಿದ ಕಂಬಗಳೆಲ್ಲ ಎದ್ದು, ಆ ಅರ್ಧ ಕಿಲೋಮೀಟರ್‌ಗಾಗಿ ವರ್ಷಾನುಗಟ್ಟಲೆ ಕಾದು ನಿಂತವು. ಅಲ್ಲಿ ಮನೆ ಇದ್ದವರಿಗೂ ತಮ್ಮ ಜಾಗಕ್ಕೆ ಸರಿಯಾದ ಬೆಲೆ ಕೇಳುವ ಹಕ್ಕಿತ್ತು. ಆ ಮಾತುಕತೆಯನ್ನು ಮೊದಲ ಕಂಬ ನೆಡುವ ಮುಂಚೆ ಮುಗಿಸಬೇಕಿತ್ತು ಅನ್ನುವುದಷ್ಟೇ ನನ್ನ ಮಾತು.

ಪ್ರಶ್ನೆ: ಹೆಬ್ಬಾಳದಲ್ಲಿ ದೊಡ್ಡ ಇಂಟರ್‌ಚೇಂಜ್ ಬರುತ್ತೆ ಅಂತ ಕೇಳುತ್ತಲೇ ಇದ್ದೇವೆ. ಅಲ್ಲೂ ಹೀಗೇ ಆಗುತ್ತಾ?
— ಓದುಗರು, ಸಂಜಯನಗರ

ಆಗಬಾರದು. ಎಚ್ಚರ ತಪ್ಪಿದರೆ ಆಗುತ್ತದೆ.

ಹೆಬ್ಬಾಳದಲ್ಲಿ ಏನೇನು ಸೇರಬೇಕು ಅಂತ ಒಮ್ಮೆ ನೋಡಿ. ವಿಮಾನ ನಿಲ್ದಾಣಕ್ಕೆ ಹೋಗುವ ನೀಲಿ ಮಾರ್ಗ. ಜೆ.ಪಿ. ನಗರದಿಂದ ಹೊರವರ್ತುಲ ರಸ್ತೆ ಸುತ್ತಿ ಕೆಂಪಾಪುರಕ್ಕೆ ಬರುವ ಕಿತ್ತಳೆ ಮಾರ್ಗ, ಇದಕ್ಕೆ ಕೇಂದ್ರ 2024ರ ಆಗಸ್ಟ್‌ನಲ್ಲಿ ಒಪ್ಪಿಗೆ ಕೊಟ್ಟಿದೆ. ಸರ್ಜಾಪುರದಿಂದ ಹೆಬ್ಬಾಳಕ್ಕೆ ಪ್ರಸ್ತಾಪ ಆಗಿರುವ ಕೆಂಪು ಮಾರ್ಗ. ಬೈಯಪ್ಪನಹಳ್ಳಿ–ಚಿಕ್ಕಬಾಣಾವರದ ಮಲ್ಲಿಗೆ ಉಪನಗರ ರೈಲು. ಈಗಾಗಲೇ ಇರುವ ರೈಲ್ವೆ ಸ್ಟೇಷನ್, ಬಸ್ಸುಗಳು. ಇದರ ಮೇಲೆ ಮೇಲ್ಸೇತುವೆಯ ಹೊಸ ಲೂಪುಗಳು, ಸಿಲ್ಕ್ ಬೋರ್ಡಿಗೆ ಸುರಂಗ ರಸ್ತೆಯ ಯೋಜನೆ. ಊರಲ್ಲಿ ಇಷ್ಟೊಂದು ಒಟ್ಟಿಗೆ ಸೇರುವ ಜಾಗ ಬೇರೆ ಕಡೆ ಸಿಗುವುದು ಅಪರೂಪ.

ಇದಕ್ಕಾಗಿ ಮೆಟ್ರೊ ನಿಗಮ ಸುಮಾರು 45 ಎಕರೆ ಕೇಳಿದೆ. ಆ ಜಾಗವನ್ನು ಕೆಐಎಡಿಬಿ, ಅಂದರೆ ರಾಜ್ಯದ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿ, ಎರಡು ದಶಕದ ಹಿಂದೆ ರೈತರಿಂದ ಸ್ವಾಧೀನ ಮಾಡಿಕೊಂಡದ್ದು ಒಂದು ಖಾಸಗಿ ಪ್ರವಾಸೋದ್ಯಮ ಯೋಜನೆಗೆ. ಯೋಜನೆ ಏಳಲಿಲ್ಲ, ನೆಲ ಹಾಗೇ ಬಿತ್ತು. ಈಗ ಅದರ ಬೆಲೆ ಆಕಾಶದಲ್ಲಿದೆ. ಎಷ್ಟು ಎಕರೆ ಕೊಡಬೇಕು, ಯಾರಿಗೆ ಎಷ್ಟು ದುಡ್ಡು ಸೇರಬೇಕು ಅನ್ನುವುದೇ ತಕರಾರು. ನನ್ನ ಅಭಿಪ್ರಾಯ ಸ್ಪಷ್ಟ: ಜಾಗ ಒಡೆಯಬಾರದು. ಇವತ್ತು ಹತ್ತು ಎಕರೆ ಕೊಟ್ಟು ಉಳಿದದ್ದು ಮಾಲ್‌ಗೆ, ಅಪಾರ್ಟ್‌ಮೆಂಟ್‌ಗೆ ಹೋದರೆ, ಕೆಂಪು ಮಾರ್ಗದ ನಿಲ್ದಾಣ ನಾಳೆ ಎಲ್ಲಿ ಬರುತ್ತದೆ? ಮೇಲ್ಸೇತುವೆಯ ಆಚೆ. ಮತ್ತೆ ಅದೇ ಒಂದು ಕಿಲೋಮೀಟರ್, ಈ ಸಲ ಹೆದ್ದಾರಿ ದಾಟಿಕೊಂಡು. ಹಾಗೆಯೇ, ಮೊದಲ ಸಲ ಭೂಮಿ ಕಳೆದುಕೊಂಡ ರೈತರ ಬಾಕಿ ಹಕ್ಕೇನಾದರೂ ಇದ್ದರೆ ಅದನ್ನು ಈಗಲೇ ತೀರಿಸಬೇಕು. ಅವರನ್ನು ಇನ್ನೊಂದು ಹತ್ತು ವರ್ಷ ಕೋರ್ಟು ಅಲೆಸಿ ಕಟ್ಟುವ ನಿಲ್ದಾಣ ನಮಗೆ ಬೇಡ.

ಪ್ರಶ್ನೆ: ಬರೀ ಬೈದುಕೊಂಡು ಏನು ಪ್ರಯೋಜನ? ಸಾಮಾನ್ಯ ಜನ ಏನು ಕೇಳಬೇಕು, ಯಾರನ್ನು ಕೇಳಬೇಕು ಅಂತ ಹೇಳಿ.
— ಓದುಗರು, ಯಲಹಂಕ

ಬೆಂಗಳೂರು ಮಹಾನಗರ ಭೂಸಾರಿಗೆ ಪ್ರಾಧಿಕಾರಕ್ಕೆ ಅಂತ 2022ರಲ್ಲೇ ಕಾಯ್ದೆ ಆಗಿದೆ. ಬೇರೆ ಬೇರೆ ಸಂಸ್ಥೆಗಳ ಸಾರಿಗೆ ಯೋಜನೆಗಳನ್ನು ಒಂದೇ ಮೇಜಿನ ಮೇಲೆ ತರುವುದೇ ಅದರ ಕೆಲಸ. ಸುಮ್ನೆ ಮೆಟ್ರೊಗೆ ಒಂದು ಪತ್ರ, ರೈಲ್ವೆಗೆ ಒಂದು ಪತ್ರ ಬರೆದರೆ ಇಬ್ಬರೂ ಇನ್ನೊಬ್ಬರ ಕಡೆ ಕೈ ತೋರಿಸುತ್ತಾರೆ. ಪ್ರಾಧಿಕಾರಕ್ಕೆ ಬರೆಯಿರಿ, ನಿಮ್ಮ ಶಾಸಕರಿಗೂ ಸಂಸದರಿಗೂ ಪ್ರತಿ ಕಳಿಸಿ.

ಕೇಳಬೇಕಾದದ್ದು ಒಂದು ಕಾಗದ. ಎರಡೂ ಸಂಸ್ಥೆಯ ಸಹಿ ಇರುವ, ಒಂದು ಪ್ಲಾಟ್‌ಫಾರಂನಿಂದ ಇನ್ನೊಂದು ಪ್ಲಾಟ್‌ಫಾರಂವರೆಗಿನ ದಾರಿ ತೋರಿಸುವ ನಕ್ಷೆ. ಅದರಲ್ಲಿ ದೂರ ಮೀಟರ್‌ನಲ್ಲಿ ಇರಬೇಕು, ಲಿಫ್ಟ್ ಎಲ್ಲಿ ಅಂತ ಇರಬೇಕು, ಗಾಲಿಕುರ್ಚಿಯಲ್ಲಿ ಬಂದವರು ಎಲ್ಲೂ ಇಳಿಯದೆ ಹೋಗಬಹುದಾ ಅಂತ ಇರಬೇಕು, ಖರ್ಚು ಯಾರದ್ದು ಅಂತಲೂ ಇರಬೇಕು. ನಿಲ್ದಾಣದ ಟೆಂಡರ್ ಕರೆಯುವ ಮುಂಚೆ ಈ ಕಾಗದ ಹೊರಬರಲಿ ಅಂತ ಪಟ್ಟು ಹಿಡಿಯಿರಿ.

ಕಂಟೋನ್ಮೆಂಟ್‌ಗೂ ಇನ್ನೂ ಒಂದು ಅವಕಾಶ ಇದೆ. ಆ ರೈಲ್ವೆ ಸ್ಟೇಷನ್ನನ್ನು ಸುಮಾರು 500 ಕೋಟಿಯಲ್ಲಿ ಹೊಸದಾಗಿ ಕಟ್ಟಲು 2022ರ ಜೂನ್‌ನಲ್ಲಿ ಪ್ರಧಾನಿ ಅಡಿಗಲ್ಲು ಹಾಕಿದ್ದಾರೆ. ಅದೇ ಕೆಲಸದ ಜೊತೆಗೆ ಬಂಬೂ ಬಜಾರ್ ನಿಲ್ದಾಣದವರೆಗೆ ಸೂರಿರುವ, ದೀಪ ಇರುವ, ಮೆಟ್ಟಿಲು ಹತ್ತಿ ಇಳಿಯದ ಒಂದು ದಾರಿ ಸೇರಿಸಲಿ, ಸಾಧ್ಯವಾದರೆ ವಿಮಾನ ನಿಲ್ದಾಣಗಳಲ್ಲಿ ಇರುವಂಥ ಚಲಿಸುವ ಪಟ್ಟಿ ಹಾಕಲಿ. ಹುಳಿಮಾವಿನ ಓದುಗರೇ, ಮೊದಲ ಪತ್ರ ನೀವು ಬರೆದರೆ ಅದರ ಒಂದು ಪ್ರತಿ ನಮಗೂ ಕಳಿಸಿ, ಉತ್ತರ ಬಂದರೂ ಬಾರದಿದ್ದರೂ ಈ ಅಂಕಣದಲ್ಲಿ ಪ್ರಕಟಿಸುತ್ತೇವೆ.