ಸಾಕಿದ ಸ್ಲೈಡರ್ ಆಮೆಯನ್ನು ಕೆರೆಗೆ ಬಿಡಬಹುದೇ?

ಕೆರೆಯಲ್ಲಿ ಹೇಗೂ ಆಮೆಗಳಿವೆ, ನನ್ನದೊಂದು ಸೇರಿದರೆ ಏನಾಗುತ್ತದೆ ಎಂದು ಕೇಳಿದ್ದೀರಿ. ದಯವಿಟ್ಟು ಬಿಡಬೇಡಿ. ಕೆಂಪು ಕಿವಿಯ ಸ್ಲೈಡರ್ ಅಮೆರಿಕದ ಮಿಸಿಸಿಪ್ಪಿ ಕಣಿವೆಯದು. ಹೊರಗಿನಿಂದ ಬಂದ ಇದು ಸ್ಥಳೀಯ ಆಮೆಗಳೊಂದಿಗೆ ಪೈಪೋಟಿಗಿಳಿಯುತ್ತದೆ. ಆಹಾರದ ಪೈಪೋಟಿ ಎಲ್ಲರಿಗೂ ಹೊಳೆಯುತ್ತದೆ, ಬಿಸಿಲು ಕಾಯುವ ಜಾಗದ್ದು ಹೊಳೆಯುವುದಿಲ್ಲ. ಮೈ ಬಿಸಿಯಾಗದಿದ್ದರೆ ಆಮೆಗೆ ತಿಂದದ್ದು ಸರಿಯಾಗಿ ಅರಗದು, ಮೊಟ್ಟೆಯೂ ಬಲಿಯದು. ಒಳ್ಳೆಯ ಬಂಡೆ, ದಿಮ್ಮಿಗಳನ್ನೆಲ್ಲ ಸ್ಲೈಡರ್ ಹಿಡಿದು ಕೂತರೆ ಸ್ಥಳೀಯ ಆಮೆ ಸಿಕ್ಕಲ್ಲಿ ಬಿಸಿಲು ಕಾಯಬೇಕು. ಫ್ರಾನ್ಸಿನಲ್ಲಿ ಸ್ಲೈಡರ್‌ಗಳನ್ನೂ ಅಲ್ಲಿನ ಸ್ಥಳೀಯ ಯುರೋಪಿನ ಕೊಳದಾಮೆಗಳನ್ನೂ ಒಟ್ಟಿಗೆ ಇಟ್ಟು ನೋಡಿದಾಗ ಕೊಳದಾಮೆಗಳ ತೂಕ ಇಳಿಯಿತು, ಸಾವೂ ಹೆಚ್ಚಿತು. ಐರೋಪ್ಯ ಒಕ್ಕೂಟ 1997ರಲ್ಲೇ ಕೆಂಪು ಕಿವಿಯ ಸ್ಲೈಡರ್ ಆಮದು ನಿಲ್ಲಿಸಿತು. ಸಾಕಲು ಆಗದಿದ್ದರೆ ವನ್ಯಜೀವಿ ಪುನರ್ವಸತಿ ಕೇಂದ್ರದವರನ್ನು ವಿಚಾರಿಸಿ, ಅಲ್ಲಿಯವರೆಗೆ ದೊಡ್ಡ ತೊಟ್ಟಿಯಲ್ಲಿರಲಿ.