ಹೊರಗಿನ ಟೆಕ್ಕಿಗಳು ಒಂದು ದೇಶಕ್ಕೆ ಬರೋದು ಎಂತ ನೋಡಿ, ಹಿಂದೆ ಸರಿಯೋದು ಎಂತಕ್ಕೆ?

ಸಂಬಳ ಅಂತ ಎಲ್ರೂ ಹೇಳ್ತಾರೆ, ಆದ್ರೆ ಮನೆಗೊಬ್ರು ಹೊರದೇಶದಲ್ಲಿರೋ ನಮ್ಮ ಮಂಗಳೂರಲ್ಲಿ ಕೂತು ನೋಡಿದ್ರೆ ಅದು ಅರ್ಧ ಕಥೆ ಮಾತ್ರ ಮಾರಾಯ್ರೆ. ನಾಳೆ ಅಲ್ಲೇ ಇರ್ಲಿಕ್ಕೆ ಬಿಡ್ತಾರಾ ಅನ್ನೋದೇ ದೊಡ್ಡ ಪ್ರಶ್ನೆ.

ಅಮೆರಿಕವನ್ನೇ ತಗೊಳ್ಳಿ. ದುಡ್ಡಲ್ಲಿ ಅದನ್ನ ಮೀರಿಸ್ಲಿಕ್ಕೆ ಕಷ್ಟ ಉಂಟು, ಆದ್ರೆ ಕಂಪನಿಗಳಿಗೆ ಹೊಸ ಎಚ್-1ಬಿ (ಅಲ್ಲಿ ಕೆಲಸ ಮಾಡ್ಲಿಕ್ಕೆ ಬೇಕಾದ ವೀಸಾ) ವರ್ಷಕ್ಕೆ 85,000 ಮಾತ್ರ, ಅದಕ್ಕೂ ಲಾಟರಿ, ಅದು ಸಿಕ್ಕಿದ್ರೂ ಗ್ರೀನ್ ಕಾರ್ಡಿಗೆ (ಅಲ್ಲೇ ಕಾಯಂ ಇರ್ಲಿಕ್ಕೆ ಪರವಾನಗಿ) ಒಂದು ದೇಶದವರಿಗೆ 7% ಅಂತ ಮಿತಿ ಇಟ್ಟ ಕಾರಣ ನಮ್ಮವರ ಕ್ಯೂ ದಶಕಗಟ್ಲೆ, ನಡುವೆ ಕೆಲಸ ಹೋದ್ರೆ ಸಾಮಾನ್ಯವಾಗಿ 60 ದಿನದೊಳಗೆ ಬೇರೆ ಹುಡುಕ್ಬೇಕು ಇಲ್ಲಾ ಗಂಟುಮೂಟೆ ಕಟ್ಬೇಕು. 2025ರ ಸೆಪ್ಟೆಂಬರಲ್ಲಿ ಹೊಸ ಎಚ್-1ಬಿ ಅರ್ಜಿಗೆ 1 ಲಕ್ಷ ಡಾಲರ್ ಫೀಸು ಬೇರೆ ಘೋಷಣೆ ಮಾಡಿದ್ರು. ಮನೆ, ಮಕ್ಕಳ ಶಾಲೆ ಎಲ್ಲ ಆದವರಿಗೆ ಇದು ತಲೆ ಮೇಲೆ ತೂಗೋ ಕತ್ತಿ.

ಜರ್ಮನಿ ಉಲ್ಟಾ. ಬ್ಲೂ ಕಾರ್ಡ್ (ಹೊರಗಿನ ನುರಿತ ಕೆಲಸಗಾರರಿಗೆ ಕೊಡೋ ಪರವಾನಗಿ) ಇದ್ರೆ ಗಂಡ ಅಥವಾ ಹೆಂಡತಿಯೂ ಹೋದ ಕೂಡ್ಲೆ ಕೆಲಸ ಮಾಡ್ಬಹುದು (ಇದು ಸಣ್ಣ ವಿಷಯ ಅಲ್ಲ, ಎಷ್ಟೋ ಜನ ಇದಕ್ಕೇ ದೇಶ ಬದಲಾಯಿಸ್ತಾರೆ), ಐಟಿಯವರಿಗೆ 2023ರ ನವೆಂಬರಿಂದ ಡಿಗ್ರಿ ಇಲ್ದೆಯೂ ಅನುಭವದ ಮೇಲೆ ಸಿಗ್ತದೆ, ಜರ್ಮನ್ ಭಾಷೆಯ ಬಿ1 (ಮಧ್ಯಮ ಮಟ್ಟ) ಪಾಸಾದ್ರೆ 21 ತಿಂಗಳಲ್ಲಿ ಅಲ್ಲೇ ಪರ್ಮನೆಂಟ್ ಇರ್ಲಿಕ್ಕೆ ಅರ್ಜಿ ಹಾಕ್ಬಹುದು. ಆದ್ರೆ ಅದೇ ಭಾಷೆಯೇ ಅಡ್ಡಿ, ಮತ್ತೆ ಟ್ಯಾಕ್ಸು, ಬಾಡಿಗೆ ಮನೆ ಸಿಗದ ಕಷ್ಟ.

ದುಬೈ? ಇನ್‌ಕಮ್ ಟ್ಯಾಕ್ಸ್ ಇಲ್ಲ, ನಮ್ಮ ಬಜ್ಪೆ ಏರ್‌ಪೋರ್ಟಿಂದ ನಾಲ್ಕು ಗಂಟೆಯೊಳಗೆ ಹಾರ್ಬಹುದು, ಅಜ್ಜಿಗೆ ಹುಷಾರಿಲ್ಲಾಂದ್ರೆ ಮರುದಿನವೇ ಊರಲ್ಲಿ. ಪೌರತ್ವ ಮಾತ್ರ ಹೆಚ್ಚುಕಮ್ಮಿ ಕನಸು.